ಬ್ಯಾಟರಿಗಿರುವ ಕಾವಲು ಎದೆಗಿಲ್ಲ

ಕೆಡುಕೊಂದು ತಂತ್ರಜ್ಞಾನದ ಉಡುಪು ತೊಟ್ಟು ಬಂದರೆ ಅದನ್ನು ಕೆಡುಕೆಂದು ಗುರುತಿಸುವುದು ಸುಲಭವಲ್ಲ. ಇ-ಸಿಗರೇಟನ್ನು ಕೈಯಾರೆ ಕಟ್ಟಿಕೊಳ್ಳುವ ಹವ್ಯಾಸ ಇದಕ್ಕೆ ತಕ್ಕ ಉದಾಹರಣೆ. 2003ರಲ್ಲಿ ಚೀನಾದ ಔಷಧ ತಜ್ಞ ಹೊನ್ ಲಿಕ್ ರೂಪಿಸಿದ ಉಪಕರಣವು ಪಾಶ್ಚಾತ್ಯ ಹವ್ಯಾಸಿಗಳ ಕೈಯಲ್ಲಿ ರೂಪಾಂತರಗೊಂಡು ‘ಮಾಡ್’ ಎಂಬ ಹೆಸರು ಪಡೆಯಿತು. ಲೋಹದ ಕೊಳವೆ, ಬ್ಯಾಟರಿ, ಗುಂಡಿ ಮತ್ತು ತಂತಿಯ ಸುರುಳಿ. ಸರಳ ಮಾಡ್‌ನಲ್ಲಿ ಇರುವುದು ಇಷ್ಟೇ.

ಇದರ ಅಪಾಯವನ್ನು ಅರಿಯಲು ಶಾಲೆಯಲ್ಲಿ ಕಲಿತ ಓಮ್‌ನ ನಿಯಮ ಸಾಕು. ಪೂರ್ಣ ಚಾರ್ಜ್ ಆದ ಲಿಥಿಯಂ ಬ್ಯಾಟರಿಯ 4.2 ವೋಲ್ಟ್‌ಗೆ 0.1 ಓಮ್ ರೋಧದ ಸುರುಳಿ ಜೋಡಿಸಿದರೆ ಲೆಕ್ಕದ ಪ್ರಕಾರ 42 ಆಂಪಿಯರ್ ವಿದ್ಯುತ್ ಹರಿಯಬೇಕು. ಸಾಮಾನ್ಯ 18650 ಬ್ಯಾಟರಿ ಈ ಭಾರವನ್ನು ತಾಳಲಾರದು. 2018ರಲ್ಲಿ ಫ್ಲೋರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ಇ-ಸಿಗರೇಟು ಸ್ಫೋಟಿಸಿ ಒಬ್ಬೊಬ್ಬರು ಪ್ರಾಣ ಕಳೆದುಕೊಂಡದ್ದು ಈ ಉಪಕರಣಗಳು ಎಷ್ಟು ಮಾರಕವಾಗಬಲ್ಲವು ಎಂಬುದನ್ನು ಜಗತ್ತಿಗೆ ತೋರಿಸಿತು.

ಇದಕ್ಕೆ ಪರಿಹಾರವಾಗಿ ಬಂದುದೇ ವಿದ್ಯುತ್ ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡು. ಅಮೇರಿಕದ ಇವಾಲ್ವ್ ಕಂಪೆನಿಯ ಡಿಎನ್‌ಎ ಬೋರ್ಡುಗಳು ಈ ವಲಯದಲ್ಲಿ ಪ್ರಸಿದ್ಧ. ಬಳಸುವವರು ಎಷ್ಟು ವ್ಯಾಟ್ ಬೇಕೆಂದು ನಿಗದಿಪಡಿಸಿದರೆ, ಸುರುಳಿಯ ರೋಧವನ್ನು ಅಳೆದು ಅದಕ್ಕೆ ತಕ್ಕ ವೋಲ್ಟೇಜನ್ನು ಬೋರ್ಡು ಒದಗಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ, ಬ್ಯಾಟರಿ ತೀರಾ ಕುಸಿದರೆ ವಿದ್ಯುತ್ತನ್ನು ಕಡಿಯುತ್ತದೆ. ನಿಕ್ಕೆಲ್‌ನಂಥ ತಂತಿ ಬಿಸಿಯೇರಿದಂತೆ ಅದರ ರೋಧವೂ ಏರುವುದರಿಂದ, ಆ ಏರಿಕೆಯಿಂದಲೇ ಶಾಖವನ್ನು ಅಂದಾಜಿಸುತ್ತದೆ. ಇದು ಜಾಣ್ಮೆಯ ಕೆಲಸ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ ಜಾಣ್ಮೆ ಕಾಯುತ್ತಿರುವುದು ಯಾರನ್ನು? ಬ್ಯಾಟರಿಯನ್ನು, ತಂತಿಯನ್ನು. ದ್ರವದಲ್ಲಿ ಏನು ಬೆರೆತಿದೆ ಎಂಬುದು ಬೋರ್ಡಿಗೆ ತಿಳಿಯದು. 2020ರ ಫೆಬ್ರವರಿ ವೇಳೆಗೆ ಅಮೇರಿಕದಲ್ಲಿ 2,807 ಮಂದಿ ಶ್ವಾಸಕೋಶದ ಹಾನಿಗೆ ತುತ್ತಾಗಿ 68 ಮಂದಿ ಮೃತಪಟ್ಟಿದ್ದರು. ಮುಖ್ಯ ಕಾರಣವೆಂದು ಬೆಟ್ಟು ಮಾಡಲಾದದ್ದು ಗಾಂಜಾ ಸತ್ವದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ವ್ಯಾಟ್ ಎಷ್ಟೇ ನಿಖರವಾಗಿದ್ದರೂ ವಿಷ ವಿಷವೇ. ನಿಕೋಟಿನ್ ಬೆರೆತಿದ್ದರೆ ಚಟವೂ ತಪ್ಪದು.

ಸಿಗರೇಟು ಬಿಡಲು ಇದು ನೆರವಾಗುತ್ತದೆ ಎಂಬ ವಾದವಿದೆ. ಬ್ರಿಟನ್‌ನ ಆರೋಗ್ಯ ಇಲಾಖೆ ಧೂಮಪಾನಿಗಳಿಗೆ ಈ ದಾರಿಯನ್ನು ತೋರಿಸಿರುವುದೂ ನಿಜ. ಆದರೆ ಅದು ಬಿಡುವವರ ಮಾತು. ಎಂದೂ ಸೇದದ ಹುಡುಗನಿಗೆ ಅದು ಪರವಾನಗಿಯಲ್ಲ.

ನಮ್ಮ ದೇಶದ 2019ರ ಕಾಯ್ದೆಯು ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟವನ್ನು ನಿಷೇಧಿಸಿದೆ. ಬಿಡಿ ಭಾಗಗಳ ಜೋಡಣೆಯೂ ತಯಾರಿಕೆಯ ವ್ಯಾಖ್ಯೆಯೊಳಗೆ ಬರುತ್ತದೆ. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ‘ಹವ್ಯಾಸಕ್ಕೆ ಕಟ್ಟಿದೆ’ ಎಂದು ಹೇಳಿ ಪಾರಾಗಬಹುದೆಂದು ಯುವಕರು ಭಾವಿಸಬಾರದು. ಹಾಗಂತ ಸರಕಾರದ ದ್ವಂದ್ವವನ್ನು ಮುಚ್ಚಿಡಲಾಗದು. ಆವಿಯನ್ನು ನಿಷೇಧಿಸಿದ ಅದೇ ಸರಕಾರ ಸಿಗರೇಟಿನಿಂದ ತೆರಿಗೆ ಎತ್ತುತ್ತಿದೆ. ಜನರ ಆರೋಗ್ಯವೇ ಮಾನದಂಡವಾದರೆ ಎರಡು ತಕ್ಕಡಿ ಏಕೆ?

ಬೆಸುಗೆ ಹಾಕಬಲ್ಲ, ರೋಧ ಅಳೆಯಬಲ್ಲ ಬೆರಳುಗಳು ಸಮಾಜದ ಸಂಪತ್ತು. ಅವುಗಳಿಗೆ ದುರಸ್ತಿಯ ಅಂಗಡಿಯಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ದೊರಕಿಸುವ ಹೊಣೆ ಹಿರಿಯರದ್ದು. ಆ ಹೊಣೆಯನ್ನು ಹೊರದೆ ಬರಿದೇ ನಿಷೇಧವನ್ನು ಬೋಧಿಸಿದರೆ ನಮ್ಮ ಮಾತನ್ನು ಯಾರು ಕೇಳುತ್ತಾರೆ?