ಗಾಜಿನ ಬಾತ್‌ರೂಮ್ ಯಾರಿಗೋಸ್ಕರ?

ಲೈಕ್ ಒತ್ತಿ ಮುಂದೆ ಹೋಗ್ಬೇಡಿ, ಇವತ್ತು ಸ್ವಲ್ಪ ಓದಿ. ಮೊದಲನೇ ಫೋಟೋದ ರೂಮ್ ಚೆಂದ ಇದೆ ಅಲ್ವಾ? ದಪ್ಪ ಹಾಸಿಗೆ, ಹಳದಿ ಬೆಳಕು, ಪಕ್ಕದಲ್ಲೇ ಗಾಜಿನ ಗೋಡೆ. ಆ ಗಾಜಿನ ಆಚೆ ಇರೋದು ಬಾತ್‌ರೂಮ್.

ಕಸಿನ್ ಮದುವೆಗೆ ಹೋದಾಗ ಈ ರೂಮಲ್ಲಿ ನಾನು, ಅಮ್ಮ, ಅಜ್ಜಿ ಮೂರು ಜನ ಇದ್ವಿ. ಹೋಟೆಲ್ ಹೆಸರು ಕೇಳ್ಬೇಡಿ, ಇಂಥ ರೂಮು ಈಗ ಎಲ್ಲಾ ಕಡೆ ಇದೆ. ಗಾಜಿಗೆ ಪರದೆ ಇರಲಿಲ್ಲ. ಅಜ್ಜಿ ಬೆಳಿಗ್ಗೆ ಐದಕ್ಕೇ ಎದ್ದು ಸುಮ್ನೆ ಕೂತಿದ್ರು. ಸ್ನಾನಕ್ಕೆ ಹೋಗಿ ಅಂದ್ರೆ, "ನೀವಿಬ್ರೂ ಹೊರಗೆ ಹೋಗಿ, ಆಮೇಲೆ" ಅಂದ್ರು. ನಾನೂ ಅಮ್ಮನೂ ನೈಟಿಯಲ್ಲೇ ಕಾರಿಡಾರಲ್ಲಿ ಅರ್ಧ ಗಂಟೆ ನಿಂತ್ವಿ.

ಇನ್ನೊಂದು ವಿಷ್ಯ ಗೊತ್ತಾಗಿದ್ದು ಮನೆಗೆ ಬಂದ್ಮೇಲೆ. ಹಾಸಿಗೆ ಪಕ್ಕ ಟಚ್ ಪ್ಯಾನೆಲ್ ಇತ್ತು. ಅದರ ಮೇಲೆ ಅಕ್ಷರ ಇಲ್ಲ, ಬರೀ ಸಣ್ಣ ಚಿತ್ರ. ನಡುರಾತ್ರಿ ಎದ್ದ ಅಜ್ಜಿಗೆ ಲೈಟ್ ಎಲ್ಲಿ ಅಂತ ಸಿಕ್ಕಿಲ್ಲ. ನಮ್ಮನ್ನ ಎಬ್ಬಿಸೋದು ಬೇಡ ಅಂತ ಕತ್ತಲಲ್ಲೇ ಗೋಡೆ ಹಿಡ್ಕೊಂಡು ಹೋಗಿದ್ದಾರೆ. ಅವರಿಗೆ 74 ವರ್ಷ. ಬಿದ್ದಿದ್ರೆ?

ಅದೇ ರೂಮಿನ ಸ್ಟೋರಿಗೆ ನಾನು ಹಿಂದಿನ ದಿನ "ಡ್ರೀಮ್ ರೂಮ್" ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಕಳಿಸಿದ್ರಿ.

ಗಾಜು ಹಾಕೋದಕ್ಕೆ ಕಾರಣ ಇಲ್ಲ ಅಂತ ಅಲ್ಲ. ಹೋಟೆಲ್ ರೂಮಲ್ಲಿ ಬಾತ್‌ರೂಮ್ ಸಾಮಾನ್ಯವಾಗಿ ಕಾರಿಡಾರ್ ಕಡೆ ಬರುತ್ತೆ, ಅಲ್ಲಿ ಕಿಟಕಿ ಇರಲ್ಲ. ಗಾಜಿದ್ರೆ ರೂಮಿನ ಬೆಳಕು ಒಳಗೂ ಹೋಗುತ್ತೆ, ಚಿಕ್ಕ ರೂಮೂ ದೊಡ್ಡದಾಗಿ ಕಾಣುತ್ತೆ. ಬುಕ್ ಮಾಡೋರು ಮೊದಲು ನೋಡೋದು ಫೋಟೋ ತಾನೇ? ಹೋಟೆಲ್‌ನವರು "ವಾವ್" ಅನ್ನಿಸೋಕೆ ನೋಡೋದೂ ಹೊಸದಲ್ಲ. 1967ರಲ್ಲಿ ಅಟ್ಲಾಂಟಾದ ಹಯಾತ್ ರೀಜೆನ್ಸಿಗೆ ಜಾನ್ ಪೋರ್ಟ್‌ಮನ್ 22 ಅಂತಸ್ತಿನಷ್ಟು ಎತ್ತರದ ತೆರೆದ ಲಾಬಿ ಮಾಡಿದ್ರು. ಆದ್ರೆ ಅದು ಲಾಬಿ. ಅಲ್ಲಿ ಯಾರೂ ಸ್ನಾನ ಮಾಡಲ್ಲ.

ಟೆಕ್ನಾಲಜಿ ಕಥೆನೂ ಕೇಳಿ. ಜಪಾನಿನ ನಾಗಸಾಕಿಯಲ್ಲಿ 2015ರಲ್ಲಿ ಹೆನ್ ನಾ ಹೋಟೆಲ್ ಶುರುವಾಯ್ತು. ರಿಸೆಪ್ಶನ್‌ನಲ್ಲಿ ಡೈನೋಸಾರ್ ರೋಬೋ, ರೂಮಲ್ಲಿ ಮಾತಾಡೋ ಗೊಂಬೆ. ಪ್ರಪಂಚವೆಲ್ಲಾ ಫೋಟೋ ಹಂಚ್ಕೊಳ್ತು. ಆದ್ರೆ ಆ ಗೊಂಬೆ ಅತಿಥಿಯ ಗೊರಕೆನ ಪ್ರಶ್ನೆ ಅಂದ್ಕೊಂಡು, "ಅರ್ಥ ಆಗ್ಲಿಲ್ಲ, ಇನ್ನೊಮ್ಮೆ ಹೇಳಿ" ಅಂತ ನಿದ್ದೆಯಿಂದ ಎಬ್ಬಿಸ್ತಿತ್ತಂತೆ! ಕೆಲಸ ಕಮ್ಮಿ ಆಗೋ ಬದಲು ಸಿಬ್ಬಂದಿಗೆ ಹೆಚ್ಚಾಯ್ತು. 2019ರ ಹೊತ್ತಿಗೆ 243 ರೋಬೋಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನ ತೆಗೆದುಹಾಕಿದ್ರು. ಅವರು ತಪ್ಪು ಒಪ್ಕೊಂಡು ತಿದ್ದಿಕೊಂಡಿದ್ದು ನನಗೆ ಇಷ್ಟ ಆಯ್ತು.

ಹಾಗಂತ ಹೊಸದೆಲ್ಲಾ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಪುಟ್ಟ ಶಾಂಪೂ ಬಾಟಲ್ ಬದಲು ಗೋಡೆಗೆ ದೊಡ್ಡ ಬಾಟಲ್ ಬಂದಿದೆ, 2019ರಲ್ಲೇ ಮ್ಯಾರಿಯಟ್, ಐಎಚ್‌ಜಿ ಥರದ ದೊಡ್ಡ ಸಂಸ್ಥೆಗಳು ಇದನ್ನ ಘೋಷಿಸಿದ್ವು. ಅತಿಥಿಗೆ ನಷ್ಟ ಇಲ್ಲ, ಪ್ಲಾಸ್ಟಿಕ್ ಕಮ್ಮಿ. ಶ್ರೀಲಂಕಾದ ದಂಬುಲ್ಲಾ ಹತ್ರ ಜೆಫ್ರಿ ಬಾವಾ ಕಟ್ಟಿದ ಕಂದಲಾಮ ಹೋಟೆಲ್ ನೋಡಿ. ಬೆಟ್ಟದ ಬಂಡೆಗೆ ಅಂಟ್ಕೊಂಡ ಉದ್ದ ಕಟ್ಟಡ, ಮೈತುಂಬ ಬಳ್ಳಿ. ಕಾರಿಡಾರಲ್ಲಿ ಗಾಳಿ ಓಡಾಡುತ್ತೆ, ಬಂಡೆ ಒಳಗೇ ಕಾಣುತ್ತೆ. 1994ರಲ್ಲಿ ಶುರುವಾಗಿದ್ದು, ಇವತ್ತಿಗೂ ಫೋಟೋದಲ್ಲಿ ಸೂಪರ್. ಚೆಂದ ಮತ್ತು ಅನುಕೂಲ ಎರಡೂ ಒಟ್ಟಿಗೆ ಆಗಲ್ಲ ಅನ್ನೋರಿಗೆ ಇದೇ ಉತ್ತರ.

ನನ್ನ ಮಾತು ಇಷ್ಟೇ. ಗಾಜು ಇರ್ಲಿ, ಒಂದು ಪರದೆ ಹಾಕಿ. ಟಚ್ ಪ್ಯಾನೆಲ್ ಇರ್ಲಿ, ಜೊತೆಗೆ ಕೈಗೆ ಸಿಗೋ ಒಂದು ಸ್ವಿಚ್ ಇಡಿ, ನೆಲದ ಹತ್ರ ಸಣ್ಣ ರಾತ್ರಿ ದೀಪ ಇಡಿ. ಕಮೋಡ್ ಪಕ್ಕ ಹಿಡ್ಕೊಳ್ಳೋಕೆ ಒಂದು ಕಂಬಿ. ಇಡೀ ರೂಮಿನ ಖರ್ಚಿನ ಮುಂದೆ ಇದು ಎಷ್ಟು? ದಂಪತಿಗೆ ಪರದೆ ಬೇಡ ಅನ್ಸಿದ್ರೆ ಸರಿಸ್ಕೊಳ್ತಾರೆ. ಪರದೆನೇ ಇಲ್ಲದಿದ್ರೆ ಅಜ್ಜಿ ಏನು ಮಾಡ್ಬೇಕು?

ಕ್ಲಾಸ್‌ಮೇಟ್ಸ್, ಇದು ನಿಮಗೇ. ಈ ಸೆಮಿಸ್ಟರ್ ನಮ್ಮ ಸ್ಟುಡಿಯೋ ಪ್ರಾಜೆಕ್ಟ್ 40 ರೂಮಿನ ಹೋಟೆಲ್. ನನ್ನ ಮೊದಲ ಡ್ರಾಯಿಂಗಲ್ಲೂ ಗಾಜಿನ ಗೋಡೆನೇ ಇತ್ತು, ನಿಜ ಹೇಳ್ತೀನಿ. ನಾವು ರೆಂಡರ್‌ನಲ್ಲಿ ಯಾವಾಗ್ಲೂ ಕಾಫಿ ಕಪ್ ಹಿಡಿದ ಇಪ್ಪತ್ತೈದರ ಹುಡುಗಿನೇ ನಿಲ್ಲಿಸ್ತೀವಿ. ಈ ಸಲ ಸಬ್ಮಿಷನ್‌ಗೆ ಮುಂಚೆ ನಿಮ್ಮ ಅಜ್ಜಿನೋ ತಾತನೋ ಆ ಪ್ಲಾನ್ ಒಳಗೆ ರಾತ್ರಿ ಎರಡು ಗಂಟೆಗೆ ಎದ್ದು ಬಾತ್‌ರೂಮಿಗೆ ಹೋಗ್ಲಿ. ಎಲ್ಲಿ ತಡವರಿಸ್ತಾರೆ ಅಂತ ನೋಡಿ, ಅಲ್ಲಿ ತಿದ್ದಿ.

ಕೊನೇ ಫೋಟೋ ನನ್ನ ತಿದ್ದಿದ ಡ್ರಾಯಿಂಗ್. ಅಜ್ಜಿಗೆ ತೋರಿಸ್ದೆ. "ಪರದೆ ಎಲ್ಲಿ?" ಅಂತ ಮೊದಲು ಅದನ್ನೇ ಹುಡುಕಿದ್ರು.

ಹೋಟೆಲ್ ರೂಮಲ್ಲಿ ನಿಮ್ಮ ಮನೆಯವರಿಗೆ ಏನು ಕಷ್ಟ ಆಗಿತ್ತು? ಕಾಮೆಂಟಲ್ಲಿ ಬರೀರಿ. ಹೋಟೆಲ್ ಹೆಸರು ಬೇಡ, ಕಷ್ಟ ಮಾತ್ರ ಹೇಳಿ. ಮುಂದಿನ ಭಾಗದಲ್ಲಿ ಅದನ್ನೇ ಇಟ್ಕೊಂಡು ಮಾತಾಡೋಣ.

#ಹೋಟೆಲ್‌ವಿನ್ಯಾಸ #ಕನ್ನಡದಲ್ಲಿ_ಡಿಸೈನ್ #ಅಜ್ಜಿ_ಟೆಸ್ಟ್