ಊರಿಗೆ ಫಿಲ್ಟರ್ ನೀರು, ಕೇರಿಗೆ ನುಗ್ಗೆ ಬೀಜ!

ಮೊನ್ನೆ ನಮ್ಮ ಕಡೆ ಒಂದು ಕೇರಿಯಲ್ಲಿ ಹೆಂಗಸರನ್ನೆಲ್ಲಾ ಕೂರಿಸಿ, ನುಗ್ಗೆ ಬೀಜದಿಂದ ಬಗ್ಗಡದ ನೀರು ತಿಳಿ ಮಾಡೋದು ಹೇಗೆ ಅಂತ ತರಬೇತಿ ಕೊಟ್ಟರು. ಬ್ಯಾನರ್, ಫೋಟೋ, ಚಪ್ಪಾಳೆ ಎಲ್ಲಾ ಆಯ್ತು. ನಲ್ಲಿಯಲ್ಲಿ ನೀರು ಮಾತ್ರ ಬರಲಿಲ್ಲ. ಅದೇ ಊರೊಳಗೆ ಶುದ್ಧ ನೀರಿನ ಘಟಕ ಇದೆ.

ಬೀಜದ ಮೇಲೆ ನನಗೆ ಸಿಟ್ಟಿಲ್ಲ. ಒಣಗಿದ ಬೀಜದ ಸಿಪ್ಪೆ ತೆಗೆದು, ಕುಟ್ಟಿ, ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಹಾಕಿದ್ರೆ ಅದು ಕೆಲಸ ಮಾಡುತ್ತೆ. ಮಣ್ಣಿನ ಕಣಗಳದ್ದು ಋಣ ವಿದ್ಯುದಂಶ, ಬೀಜದ ಪ್ರೋಟೀನಿನದ್ದು ಧನ. ಎರಡೂ ಅಂಟಿಕೊಂಡು ಒಂದೆರಡು ಗಂಟೆಯಲ್ಲಿ ತಳ ಸೇರುತ್ತವೆ. ಸುಡಾನಿನ ಹಳ್ಳಿ ಹೆಂಗಸರು ನೈಲ್ ನದಿಯ ಕೆಸರು ನೀರನ್ನು ಹೀಗೇ ತಿಳಿ ಮಾಡ್ತಿದ್ದರು. ದುಡಿಯುವ ಹೆಂಗಸರ ಜ್ಞಾನ ಅದು.

ಆದ್ರೆ ತಿಳಿ ನೀರೆಲ್ಲಾ ಶುದ್ಧ ನೀರಲ್ಲ. ಕಾಲರಾ ರೋಗಾಣು ಪೂರ್ತಿ ಹೋಗಲ್ಲ, ಕುದಿಸಲೇಬೇಕು. ಪಾವಗಡ, ಕೋಲಾರದ ಫ್ಲೋರೈಡಿಗೆ ಇದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಕಲುಷಿತ ನೀರು ಕುಡಿದು ನಮ್ಮ ಜನ ಸತ್ತರು. ಅವರಿಗೆ ಬೇಕಿದ್ದದ್ದು ಬೀಜವೋ, ಸುರಕ್ಷಿತ ಪೈಪೋ?

ಇನ್ನು ಕೆಲವರು ಇದನ್ನೇ 'ಋಷಿಗಳ ವಿಜ್ಞಾನ' ಅಂತ ಮೆರೆಸ್ತಾರೆ. ಹೌದು ಸ್ವಾಮಿ, ನೀರು ತಿಳಿ ಮಾಡುವ ಚಿಲ್ಲದ ಕಾಯಿಯ ಮಾತು ಮನುಸ್ಮೃತಿಯ 6ನೇ ಅಧ್ಯಾಯದಲ್ಲೇ ಇದೆ. ಕಾಯಿಯ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗಲ್ಲ ಅಂತಲೂ ಇದೆ. ನೀರಿನ ಕೊಳೆ ತೆಗೆಯೋದು ಗೊತ್ತಿದ್ದವರು ಮನುಷ್ಯರನ್ನೇ ಕೊಳೆ ಅಂದರು. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದರೆ, ಸವರ್ಣರು ಕೆರೆಗೆ ಸಗಣಿ ಗಂಜಲ ಸುರಿದು 'ಶುದ್ಧಿ' ಮಾಡಿದರು. ಅದೇ ಡಿಸೆಂಬರ್ 25ಕ್ಕೆ ಮಹಾಡದಲ್ಲೇ ಆ ಪುಸ್ತಕ ಸುಟ್ಟದ್ದು ಸುಮ್ಮನೆ ಅಲ್ಲ.

ಹಳೇ ಕಥೆ ಅಂತೀರಾ? 2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ ದಲಿತ ಮಹಿಳೆ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಲದಿಂದ ತೊಳೆದರು. ಈ ಬಗ್ಗಡಕ್ಕೆ ಯಾವ ಬೀಜ ಕುಟ್ಟೋಣ ಹೇಳಿ?

ಹೆಸರು ಹೇಳಿದ್ರೆ ನೀರು ತಿಳಿಯಾಗಲ್ಲ. 'ಮನೆ ಮನೆಗೆ ಗಂಗೆ' ಅಂತ ಬೋರ್ಡ್ ಬರೆಸಿದ್ರೆ ನಲ್ಲೀಲಿ ನೀರೂ ಬರಲ್ಲ.

ಗೆಳೆಯರೇ, ನೆರೆ ಬಂದಾಗ, ಪೈಪ್ ಒಡೆದಾಗ ನುಗ್ಗೆ ಬೀಜ ಬಳಸಿ, ಕುದಿಸಿ ಕುಡಿಯಿರಿ. ಆದ್ರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಕೇರಿಯ ನೀರಿನ ಪರೀಕ್ಷಾ ವರದಿ ಎಲ್ಲಿ? ಊರಿನ ತೊಂಬೆಯಿಂದ ಕೇರಿಗೆ ಪೈಪ್ ಯಾಕಿಲ್ಲ? ನಮಗೆ ಬೇಕಾದ್ದು ಅದೇ ನೀರು, ಅದೇ ನಲ್ಲಿ, ಅದೇ ಹೊತ್ತಿಗೆ.

ಜೈ ಭೀಮ್.