ಡಿಗ್ರಿ ಮುಗಿಯುವ ಮೊದಲೇ ಕೆಲಸಕ್ಕೆ ಸೇರಬೇಕೆ?

ಪರ

ಕುದೇರು ಮತ್ತು ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸು ಹಿಡಿದು ಚಾಮರಾಜನಗರದ ಕಾಲೇಜಿಗೆ ಹೋಗುವ ಬಿ.ಕಾಂ. ವಿದ್ಯಾರ್ಥಿಗಳು ಆರು ಸೆಮಿಸ್ಟರ್‌ಗಳಲ್ಲಿ ಲೆಕ್ಕಶಾಸ್ತ್ರ, ತೆರಿಗೆ, ಬ್ಯಾಂಕಿಂಗ್ ಎಲ್ಲವನ್ನೂ ಓದಿ ಪಾಸಾಗುತ್ತಾರೆ. ಅಂಕಪಟ್ಟಿ ಹಿಡಿದು ಕೆಲಸ ಕೇಳಲು ಹೋದರೆ ಎದುರಾಗುವ ಮೊದಲ ಪ್ರಶ್ನೆ, ‘ಎಕ್ಸ್‌ಪೀರಿಯನ್ಸ್ ಇದೆಯಾ?’ ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು? ಈ ಗಂಟನ್ನು ಓದಿನ ದಿನಗಳಲ್ಲೇ ಬಿಚ್ಚಿಕೊಳ್ಳಬೇಕು, ಮೊದಲ ಕೆಲಸ ಡಿಗ್ರಿಯ ಒಳಗೇ ಸಿಗಬೇಕು ಎಂಬುದು ನನ್ನ ವಾದ. ಸರ್ಕಾರದ ನೆರವು ಯಾವಾಗ ಶುರುವಾಗುತ್ತದೆ ಎಂಬುದನ್ನು ನೋಡಿದರೆ ಇದರ ತುರ್ತು ತಿಳಿಯುತ್ತದೆ. 2024ರ ಜನವರಿಯಲ್ಲಿ ಚಾಲನೆ ಪಡೆದ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುತ್ತದೆ. ಅದು ಕೈಗೆ ಬರಬೇಕಾದರೆ ಪಾಸಾದ ಮೇಲೆ ಆರು ತಿಂಗಳು ಕೆಲಸವಿಲ್ಲದೆ ಕಳೆದಿರಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ 21ರಿಂದ 24 ವರ್ಷ ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿ ಇತ್ತು, ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಪ್ರವೇಶವಿರಲಿಲ್ಲ. ಎರಡೂ ಒಳ್ಳೆಯ ಯೋಜನೆಗಳೇ. ಹುಡುಗ ಹುಡುಗಿಯರು ಖಾಲಿ ಕೂತ ಮೇಲೆ ಬರುವ ನೆರವು ಅವು, ಅಷ್ಟೆ.

ನಮ್ಮಲ್ಲಿ ಕೆಲಸ ಕಲಿಯುವ ಜಾಗ ಎಲ್ಲಿದೆ ಎಂದು ಕೇಳುವವರು ಊರನ್ನೇ ಸರಿಯಾಗಿ ನೋಡಿಲ್ಲ. ಜಿಲ್ಲೆಯ ಹಾಲು ಒಕ್ಕೂಟ ಚಾಮುಲ್‌ನ ಘಟಕ ಇರುವುದು ಕುದೇರಿನಲ್ಲೇ. ಅದಕ್ಕೆ ಹಾಲು ಕಳಿಸುವ ಹಳ್ಳಿಯ ಡೈರಿಯಲ್ಲಿ ಒಂದು ಬೆಳಗ್ಗೆ ಏನೇನು ನಡೆಯುತ್ತದೆ ಗಮನಿಸಿ. ಹಾಲು ಅಳೆದು, ಸ್ಯಾಂಪಲ್ ತೆಗೆದು ಯಂತ್ರಕ್ಕೆ ಹಿಡಿದರೆ ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಎಷ್ಟೆಂದು ಬರುತ್ತದೆ. ಆ ಅಂಕಿಯ ಮೇಲೆ ದರ, ದರದ ಮೇಲೆ ಚೀಟಿ, ಚೀಟಿಗಳನ್ನೆಲ್ಲ ಕೂಡಿ ಬಟವಾಡೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನದ ಲೆಕ್ಕ ಬೇರೆ. ಖಾತೆ ಪುಸ್ತಕ, ಸ್ಟಾಕು, ಆಡಿಟ್ಟು, ಬ್ಯಾಂಕಿನ ವ್ಯವಹಾರ ಎಲ್ಲವೂ ಅಲ್ಲಿವೆ. ವಾಣಿಜ್ಯ ಪದವಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗಶಾಲೆ ಬೇಕೆ? ಗುಂಡ್ಲುಪೇಟೆಯ ಮಕ್ಕಳಿಗೆ ಕೇರಳಕ್ಕೆ ತರಕಾರಿ ಕಳಿಸುವ ತೆರಕಣಾಂಬಿ ಮಾರುಕಟ್ಟೆ ಇದೆ, ಚಾಮರಾಜನಗರದವರಿಗೆ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ, ರೈಲು ಹತ್ತಿದರೆ ನಂಜನಗೂಡಿನ ಕಾರ್ಖಾನೆಗಳಿವೆ.

ವಿರೋಧ

ಎದುರು ಪಕ್ಷದ ಮಾತು ಹಗುರವಾದದ್ದಲ್ಲ. ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ನಗರದ ವಿದ್ಯಾರ್ಥಿ ಕ್ಲಾಸು ಮುಗಿಸಿ ಅಂಗಡಿಯಲ್ಲಿ ಎರಡು ಗಂಟೆ ದುಡಿದು ಮನೆ ಸೇರಬಲ್ಲ. ಹಳ್ಳಿಯ ವಿದ್ಯಾರ್ಥಿಗೆ ಬಸ್ಸಿಗೆ ಕಾಯುವುದರಲ್ಲಿ, ಹೋಗಿ ಬರುವುದರಲ್ಲಿಯೇ ದಿನದ ಒಂದು ಪಾಲು ಕಳೆದಿರುತ್ತದೆ, ಮನೆಗೆ ಬಂದರೆ ದನ, ಹೊಲ ಕಾದಿರುತ್ತವೆ. ಅದರ ಮೇಲೆ ಸಂಬಳದ ಕೆಲಸವೂ ಸೇರಿದರೆ ಮೊದಲು ಬಿಟ್ಟುಹೋಗುವುದು ಓದು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರ ವಿಷಯದಲ್ಲಂತೂ ಈ ಅಪಾಯ ಹೆಚ್ಚು: ಕೈಗೆ ಒಂದಿಷ್ಟು ದುಡ್ಡು ಬಂತೆಂದರೆ ಐದನೇ ಸೆಮಿಸ್ಟರಿನ ಬ್ಯಾಕ್ ಹಾಗೇ ಉಳಿದುಬಿಡುತ್ತದೆ, ಡಿಗ್ರಿ ಅರ್ಧಕ್ಕೇ ನಿಲ್ಲುತ್ತದೆ. ಪೊಲೀಸ್, ಪಿಡಿಒ, ಬ್ಯಾಂಕ್ ಪರೀಕ್ಷೆಗಳಿಗೆ ತಯಾರಾಗುವವರು ಆ ಗಂಟೆಗಳನ್ನು ಓದಿಗೆ ಕೊಡುವುದೇ ಲೇಸು ಎಂಬ ಮಾತೂ ಇದೆ. ಇನ್ನು ವಿದ್ಯಾರ್ಥಿಗಳೆಂದರೆ ಅಗ್ಗದ ಕೂಲಿ ಎಂದು ತಿಳಿಯುವ ಮಾಲೀಕರಿಗೆ ಎಲ್ಲೂ ಬರವಿಲ್ಲ. ತರಬೇತಿಯ ಹೆಸರಿನಲ್ಲಿ ಡಬ್ಬ ಕಟ್ಟಿಸಿ, ಲೋಡು ಇಳಿಸಲು ಹಚ್ಚಿ ಕಳಿಸಿದರೆ ಕಲಿತದ್ದೇನು?

ಈ ಆಕ್ಷೇಪಗಳನ್ನು ನಾನು ಒಪ್ಪುತ್ತೇನೆ. ಆದರೆ ಅವು ಓದಿನ ಹೊರಗೆ, ಕದ್ದು ಮುಚ್ಚಿ ಮಾಡುವ ದುಡಿಮೆಯ ಮೇಲಿನ ಆಕ್ಷೇಪಗಳು. ಕೆಲಸವೇ ಪಠ್ಯದ ಭಾಗವಾದರೆ ಹಾಜರಾತಿಯ ತಕರಾರು ಉಳಿಯುವುದಿಲ್ಲ. ಪದವಿಯೊಳಗೆ ಕನಿಷ್ಠ ಒಂದು ಸೆಮಿಸ್ಟರ್ ಅಪ್ರೆಂಟಿಸ್ ತರಬೇತಿ ಸೇರಿಸಿ ಅದಕ್ಕೆ ಕ್ರೆಡಿಟ್ ಕೊಡಲು ಯುಜಿಸಿ 2020ರಲ್ಲೇ ದಾರಿ ಮಾಡಿಕೊಟ್ಟಿದೆ. ಶೋಷಣೆಗೂ ಕಾನೂನಿನಲ್ಲಿ ತಡೆಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಲಿಖಿತ ಒಪ್ಪಂದ ನೋಂದಣಿಯಾಗಬೇಕು. ಅದರ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿ ಪದವೀಧರ ಅಪ್ರೆಂಟಿಸರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿತು. ಕೇಂದ್ರದ ಯೋಜನೆಯಡಿ ನಿಗದಿತ ಕನಿಷ್ಠ ಸ್ಟೈಪೆಂಡಿನ ಅರ್ಧದಷ್ಟನ್ನು ಸರ್ಕಾರವೇ ಭರಿಸುತ್ತದೆ. ಡಬ್ಬ ಕಟ್ಟಿಸುವ ಮಾಲೀಕನ ವಿರುದ್ಧ ಬರಿಗೈಯ ವಿದ್ಯಾರ್ಥಿ ಏನೂ ಮಾಡಲಾರ, ನೋಂದಾಯಿತ ಒಪ್ಪಂದ ಇರುವವನ ಪರವಾಗಿ ಕಾಲೇಜು ಪತ್ರ ಬರೆಯಬಲ್ಲದು. ಸ್ಪರ್ಧಾತ್ಮಕ ಪರೀಕ್ಷೆಯ ಮಾತಿಗೂ ಉತ್ತರವಿದೆ: ಸರ್ಕಾರಿ ಹುದ್ದೆ ಸಿಗುವುದು ಪರೀಕ್ಷೆ ಬರೆದ ಕೆಲವರಿಗೆ ಮಾತ್ರ. ಉಳಿದವರು ಮೂರ್ನಾಲ್ಕು ವರ್ಷ ಕೋಚಿಂಗಿನಲ್ಲಿ ಕಳೆದು ಕೊನೆಗೆ ಖಾಸಗಿ ಕೆಲಸಕ್ಕೇ ಬರುವಾಗ, ಒಂದು ಸೆಮಿಸ್ಟರಿನ ಅನುಭವ ಅವರ ಬಳಿ ಇರಲಿ ಎಂದು ಬಯಸುವುದು ಅತಿಯಾಸೆಯಲ್ಲ.

ಒಂದು ತೊಡಕು ಮಾತ್ರ ಪಠ್ಯಕ್ರಮದಿಂದ ಪರಿಹಾರವಾಗುವಂಥದ್ದಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿದಿದೆ, ನಿಜ. ಆದರೆ ಪಾಳಿ ಮುಗಿಯುವ ಹೊತ್ತಿಗೆ ಊರಿನ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ಹಿಡಿದು ಏನು ಮಾಡುವುದು? ಕತ್ತಲಾದ ಮೇಲೆ ಬಸ್‌ಸ್ಟಾಂಡಿನಲ್ಲಿ ಮಗಳು ಕಾಯಬೇಕೆಂದರೆ ಎಷ್ಟೋ ಮನೆಗಳಲ್ಲಿ ಕೆಲಸದ ಮಾತು ಅಲ್ಲಿಗೇ ಮುಗಿಯುತ್ತದೆ, ಅಪ್ಪ ಅಮ್ಮನ ಆ ಹೆದರಿಕೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಹಾಗಾಗಿ ತರಬೇತಿಯ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಪ್ರಾಂಶುಪಾಲರು, ಕೆಲಸ ಕೊಡುವವರು ಮತ್ತು ಸಾರಿಗೆ ನಿಗಮದ ಡಿಪೊ ಮ್ಯಾನೇಜರ್ ಮೂವರೂ ಒಟ್ಟಿಗೆ ಕೂತು, ತರಬೇತಿಯ ವೇಳೆಯನ್ನು ಬಸ್ಸಿನ ವೇಳೆಗೆ ಹೊಂದಿಸಬೇಕು.